ಹಾಲು ಉಕ್ಕಿದ ಕಥೆ

ಆ ಬೀದಿಯ ಗಂಡಸರಿಗೆಲ್ಲ ಅವನು ಭಾವ. ಸಂಬಂಧದಿಂದಲ್ಲ, ಸಲಿಗೆಯಿಂದ. ಸೆಲೂನಿನೊಳಗೆ ಕಾಲಿಟ್ಟವರು ಯಾರೇ ಆಗಲಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ಅವನು ಅವರ ಕಾಲೆಳೆಯಲು ಶುರುಮಾಡಿರುತ್ತಿದ್ದ. ಹೊಸಬರು ಒಂದು ಗಳಿಗೆ ಮುಖ ಗಂಟಿಕ್ಕುತ್ತಿದ್ದರು, ಆಮೇಲೆ ಅವರೂ ಭಾವ ಎನ್ನುತ್ತಿದ್ದರು.

ಅಂಗಡಿ ಚಿಕ್ಕದು. ಎರಡು ಕುರ್ಚಿ, ಗೋಡೆಯುದ್ದಕ್ಕೆ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಒಂದು ಕುರ್ಚಿ ಭಾವನದು, ಇನ್ನೊಂದು ಅವನ ತಮ್ಮನದು. ತಮ್ಮ ಮಾತಿನಲ್ಲಿ ಬಡವ, ಕೈ ಮಾತ್ರ ಅಣ್ಣನಿಗಿಂತ ಚುರುಕು. ಆದರೂ ಜನ ಅಣ್ಣನ ಕುರ್ಚಿಗೇ ಕಾದು ಕೂರುತ್ತಿದ್ದರು. ಕತ್ತರಿಸಲು ತಲೆಯ ಮೇಲೆ ಏನೂ ಉಳಿಯದವರು ಕೂಡ ಬಂದು, ಕಿವಿಯ ಹಿಂದಿನ ನಾಲ್ಕು ಎಳೆ ಸರಿಮಾಡಿಸಿಕೊಂಡು, ಅರ್ಧ ದಿನ ಕಳೆದು ಹೋಗುತ್ತಿದ್ದರು.

ಅವನ ಮಾತಿಗೆ ಸರಕು ಬರುತ್ತಿದ್ದುದು ಮನೆಯಿಂದ. ಮದುವೆಯಾದ ಹೊಸತರಲ್ಲಿ ಹೆಂಡತಿ ನಿಜಕ್ಕೂ ಮಾತುಗಾತಿ. ದಾರ ತರಲು ಹೋದ ಕಥೆ ಹೇಳಿದರೆ ಅಂಗಡಿಯವನ ಚಪ್ಪಲಿ ಹರಿದದ್ದು, ಬಾಗಿಲಿನ ಬಣ್ಣ ಎದ್ದು ಹೋದದ್ದು, ಎದುರಿಗೆ ಸಿಕ್ಕ ಮುದುಕಿಯ ಕೆಮ್ಮು, ಎಲ್ಲವೂ ಅದರಲ್ಲಿ ಇರುತ್ತಿತ್ತು; ದಾರ ಕೊನೆಗೆ ಬರುತ್ತಿತ್ತು. ಭಾವ ಅದನ್ನೆಲ್ಲ ಕೇಳಿಸಿಕೊಂಡು ಮರುದಿನ ಅಂಗಡಿಯಲ್ಲಿ ಅವಳ ದನಿಯಲ್ಲೇ ಹೇಳುತ್ತಿದ್ದ. ಕತ್ತರಿ ಹಿಡಿದ ಕೈ ಸೊಂಟಕ್ಕಿಟ್ಟು, ಕತ್ತು ಕೊಂಕಿಸಿ ಹೇಳುವಾಗ ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೀಗೆ ಅವಳಿಗೆ ರೇಡಿಯೋ ಎಂದು ಹೆಸರು ಬಿತ್ತು. ನಮ್ಮನೆ ರೇಡಿಯೋಗೆ ಹಚ್ಚೋ ಗುಂಡಿ ಇದೆ, ಆರಿಸೋ ಗುಂಡಿ ಇಲ್ಲ ಎನ್ನುವುದು ಅವನ ಮಾಮೂಲು ಮಾತಾಯಿತು. ಗಂಡಸು ಲೆಕ್ಕ ಹಾಕಿ ಆಡುತ್ತಾನೆ, ಹೆಂಗಸು ಸುರಿಯುತ್ತಾಳೆ ಎಂದು ಅವನು ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವು ಕೊಡದೆ ವಿವರಿಸುತ್ತಿದ್ದ. ಅದರಲ್ಲಿನ ತಮಾಷೆ ಆ ಅಂಗಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಐವತ್ತು ದಾಟಿದ ಮೇಲೆ ಅವನ ಗಂಟಲು ಕಟ್ಟತೊಡಗಿತು. ಮೊದಲು ಸಂಜೆಯ ಹೊತ್ತಿಗೆ ಕರಕರ ಎನ್ನುತ್ತಿದ್ದದ್ದು ಬರಬರುತ್ತ ಬೆಳಿಗ್ಗೆಯೇ ಹಾಗಾಯಿತು. ಬಿಸಿನೀರು, ಉಪ್ಪುನೀರು ಎಲ್ಲ ಮುಗಿದು ಹೆಂಡತಿಯ ಜೊತೆ ಗಂಟಲಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ನಡುವಯಸ್ಸಿನ ಹೆಂಗಸು. ಕನ್ನಡಿ ಇಳಿಸಿ ನೋಡಿ, ದನಿ ಹೊರಡುವ ಕಡೆ ಎರಡು ಗಂಟು ಎದ್ದಿವೆ, ಅತಿಯಾಗಿ ಮಾತಾಡುವವರಿಗೆ ಬರುತ್ತದೆ ಎಂದರು. ಮನೆಯಲ್ಲಿ ಯಾರ ಮಾತು ಜಾಸ್ತಿ ಎಂದು ಲಘುವಾಗಿ ಕೇಳಿದರು. ಭಾವನ ಹೆಬ್ಬೆರಳು ತಾನಾಗಿಯೇ ಹೆಂಡತಿಯ ಕಡೆ ತಿರುಗಿತು.

“ಗಂಟಲು ಬೇರೆ ಹೇಳ್ತಾ ಇದೆಯಲ್ಲ,” ಎಂದರು ಡಾಕ್ಟರು.

ಭಾವ ನಕ್ಕ. ಹೆಂಡತಿ ಕೈಚೀಲದ ಬಾಯಿ ಹಾಕಿ ತೆಗೆದು ಮಾಡುತ್ತಿದ್ದಳು.

ಔಷಧಿಗಿಂತ ಮುಖ್ಯ ಮೌನ ಎಂದು ಹೇಳಿ ಕಳಿಸಿದರು. ತಾವು ಮತ್ತೆ ನೋಡಿ ಒಪ್ಪುವವರೆಗೂ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು. ಮಾತಾಡಿದರೆ ಕತ್ತರಿ ಹಾಕಬೇಕಾದೀತು. ಕತ್ತರಿಯ ಹೆದರಿಕೆ ಕತ್ತರಿ ಹಿಡಿದವನಿಗಲ್ಲದೆ ಇನ್ನಾರಿಗೆ? ಭಾವ ಅಂದಿನಿಂದ ಬಾಯಿಗೆ ಬೀಗ ಹಾಕಿದ.

ಮನೆಯಲ್ಲಿ ಇನ್ನು ಹಗಲೂ ರಾತ್ರಿ ರೇಡಿಯೋ ಎಂದು ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಆದರೆ ಆಗಿದ್ದು ಬೇರೆ. ಹೆಂಡತಿ ಊಟ ಬಡಿಸಿ ಸಾಕಾ ಎಂದು ಕೇಳುತ್ತಿದ್ದಳು. ಮಾತ್ರೆ ತಗೊಂಡ್ರಾ ಎನ್ನುತ್ತಿದ್ದಳು. ಅಷ್ಟೇ. ತಟ್ಟೆಗೆ ಚಮಚ ತಾಗುವ ಸದ್ದು, ನಲ್ಲಿ ತೊಟ್ಟಿಕ್ಕುವ ಸದ್ದು, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು. ಮೊದಮೊದಲು, ಪಾಪ, ತನ್ನ ಮೇಲಿನ ಕನಿಕರಕ್ಕೆ ಸುಮ್ಮನಿದ್ದಾಳೆ ಎಂದುಕೊಂಡ. ಆಮೇಲೆ ಮುನಿಸಿರಬೇಕು ಎಂದುಕೊಂಡ. ಅವಳ ಮುಖದಲ್ಲಿ ಮುನಿಸಿನ ಗುರುತಿರಲಿಲ್ಲ. ಒಗೆದ ಬಟ್ಟೆ ಮಡಿಸುತ್ತ ಕಿಟಕಿಯ ಬಳಿ ಆರಾಮಾಗಿ ಕೂತಿರುತ್ತಿದ್ದಳು. ಅವಳು ಕಡೆಯ ಸಲ ತನಗೆ ಏನನ್ನಾದರೂ ಮೊದಲಿಂದ ಕೊನೆಯವರೆಗೆ ಹೇಳಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ವರ್ಷಗಟ್ಟಲೆಯಿಂದ ತಾನು ಅಂಗಡಿಯಲ್ಲಿ ಹಳೆಯ ಸರಕನ್ನೇ ಮತ್ತೆ ಮತ್ತೆ ಮಾರುತ್ತಿದ್ದೇನೆ ಎಂಬುದು ಆಗ ಅವನಿಗೆ ಹೊಳೆಯಿತು.

ಅಂಗಡಿಯಲ್ಲಿ ಮಾತಿಗೇನೂ ಬರಗಾಲ ಬರಲಿಲ್ಲ. ಒಂದು ಮಧ್ಯಾಹ್ನ ನಿವೃತ್ತ ಮೇಷ್ಟ್ರು ಒಂದು ಸುದ್ದಿ ತಂದರು. ಎಲ್ಲೋ ಯಾರೋ ಗಂಡಸರ, ಹೆಂಗಸರ ಕೊರಳಿಗೆ ಮಾತು ಹಿಡಿಯುವ ಯಂತ್ರ ನೇತುಹಾಕಿ ನೋಡಿದರಂತೆ, ಅಂಥ ವ್ಯತ್ಯಾಸವೇನೂ ಕಾಣಲಿಲ್ಲವಂತೆ. ಬೆಂಚು ಎದ್ದು ನಿಂತಿತು. ಯಂತ್ರ ಕೆಟ್ಟಿರಬೇಕು ಎಂದರು ಒಬ್ಬರು. ಯಂತ್ರ ಹಾಕಿದ್ದಾರೆ ಅಂತ ಹೆಂಗಸರು ಹುಷಾರಾಗಿರ್ತಾರೆ ಎಂದರು ಇನ್ನೊಬ್ಬರು. ತಂತಮ್ಮ ಮನೆಯ ಸಾಕ್ಷಿಗಳನ್ನು ಎಲ್ಲರೂ ಒಟ್ಟಿಗೇ ಹೇಳತೊಡಗಿ, ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ದನಿ ಏರಿಸಿ, ಮತ್ತೆ ಮೊದಲಿಂದ ಹೇಳಿ, ಹೆಂಗಸರು ಮಾತುಗುಳಿಗಳು ಎಂದು ಸಾಧಿಸುವುದರಲ್ಲಿ ಸಂಜೆಯಾಯಿತು. ಇಷ್ಟು ಹೊತ್ತೂ ಭಾವ ಬಾಯಿ ತೆರೆಯದೆ ಕೆಲಸ ಮಾಡುತ್ತಿದ್ದ; ಈಗ ಮೇಷ್ಟ್ರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಇದನ್ನೆಲ್ಲ ಮೊದಲ ಸಲ ಹೊರಗೆ ನಿಂತು ಕೇಳಿದ ಹಾಗಿತ್ತು ಅವನಿಗೆ. ನಗು ಬರುವುದರಲ್ಲಿತ್ತು.

ಆಗ ದಿನಸಿ ಅಂಗಡಿಯವನು ಎದ್ದ. ಭಾವನಿಗೆ ದನಿ ಇಲ್ಲ, ಅವನ ಪರವಾಗಿ ನಾನು ಹೇಳ್ತೀನಿ ಎಂದು ಕೈ ಸೊಂಟಕ್ಕಿಟ್ಟು ಕತ್ತು ಕೊಂಕಿಸಿದ. ಹೇಳಿದ್ದು ಹಾಲು ಉಕ್ಕಿದ ಕಥೆ. ಆ ಬೀದಿಯಲ್ಲಿ ಅದನ್ನು ಕೇಳದ ಗಂಡಸಿಲ್ಲ.

“ಹಾಲಿಟ್ಟಿದ್ದೆ ಕಣ್ರೀ. ಸಣ್ಣ ಪಾತ್ರೆ ತೊಳೆದಿರಲಿಲ್ಲ ಅಂತ ದೊಡ್ಡದರಲ್ಲೇ ಇಟ್ಟೆ. ಪಕ್ಕದ್ಮನೆ ಬೆಕ್ಕು ಕಿಟಕೀಲಿ ಕೂತಿತ್ತು, ಅದೇ, ಕಿವಿ ಹರಿದಿರೋದು. ಫೋನ್ ಹೊಡ್ಕೊಳ್ತು. ಹಾಲು ಉಕ್ಕುತ್ತೆ ಅಂತ ಎತ್ತಲಿಲ್ಲ. ಮತ್ತೆ ಹೊಡ್ಕೊಳ್ತು...”

ಅಲ್ಲಿಗೆ ನಿಲ್ಲಿಸಿ, ಗಂಡನ ದನಿಗೆ ತಿರುಗಿ, ಅಷ್ಟು ಹೊತ್ತಿಗೆ ನನ್ನ ಗಡ್ಡ ಒಂದು ಗೇಣು ಬೆಳೆದಿತ್ತು, ಫೋನ್ ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ ಎಂದು ಮುಗಿಸಿದ. ನಗೆ ಗೋಡೆಗೆ ಬಡಿದು ಬಂತು. ಅಷ್ಟೂ ಭಾವನದೇ ಮಾತು, ಭಾವನದೇ ವರಸೆ.

ಭಾವನ ಕೈಯಲ್ಲಿದ್ದ ಕತ್ತಿ ಮೇಷ್ಟ್ರ ಕೆನ್ನೆಯ ಮೇಲೆ ನಿಂತಿತು. ಫೋನ್ ಮಾಡಿದ್ದು ಯಾರು ಎಂದು ಅವನಿಗೆ ಗೊತ್ತಿತ್ತು. ಆ ದಿನ ಅವನು ಮನೆಗೆ ಬಂದಾಗ ಒಲೆಯ ಸುತ್ತ ಹಾಲು ಚೆಲ್ಲಿ ಒಣಗಿತ್ತು. ಹೆಂಡತಿ ಒರೆಸುವ ಬಟ್ಟೆ ಹಿಡಿದು ನಿಂತು ಹಾಲಿನಿಂದ ಶುರುಮಾಡಿದ್ದಳು. ಫೋನ್ ಎರಡನೇ ಸಲ ಹೊಡೆದುಕೊಂಡ ಕಡೆಗೆ ಬಂದಾಗ ಅವನಿಗೆ ತಾಳ್ಮೆ ತಪ್ಪಿ, ವಿಷಯ ಏನು ಬೇಗ ಹೇಳೇ ಎಂದಿದ್ದ. ಅವಳು ಒಂದು ಗಳಿಗೆ ಅವನ ಮುಖ ನೋಡಿ, “ಅಕ್ಕ ಹೋದ್ಲಂತೆ” ಎಂದಿದ್ದಳು.

ಅದಾದ ಕೆಲವು ತಿಂಗಳ ಮೇಲೆ ಒಂದು ಮಂಕು ದಿನ, ಅಂಗಡಿಯಲ್ಲಿ ನಗೆಗೆ ಏನೂ ಸಿಕ್ಕದಿದ್ದಾಗ, ಬಾಲ ಕತ್ತರಿಸಿ ಇದನ್ನೇ ಹೇಳಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ಸತ್ತವರ ಹೆಸರು ಎತ್ತಲಿಲ್ಲವಲ್ಲ, ಯಾರಿಗೇನು ನೋವು ಎಂದು ಅಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಅದೇ ನಗು ಕಿವಿಗೆ ಬೀಳುವಾಗ ನಿಲ್ಲಿಸಿ ಎನ್ನಲು ಗಂಟಲಿರಲಿಲ್ಲ. ಗಂಟಲಿದ್ದಿದ್ದರೆ ಎನ್ನುತ್ತಿದ್ದೆನೇ ಎಂದು ಕೇಳಿಕೊಂಡ.

ಅವನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂದು ಸಂಜೆ ಅವಳು ಬರುತ್ತಲೇ ಭಾವ ಪತ್ರಿಕೆಯ ಅಂಚಿನಲ್ಲಿ, ಅಮ್ಮ ಯಾಕೆ ಮಾತಾಡಲ್ಲ ಎಂದು ಬರೆದು ತೋರಿಸಿದ. ಅವಳು ಓದಿ, ಚೀಲ ಕೆಳಗಿಡದೆ ಹಾಗೇ ನಿಂತಳು. ಅಮ್ಮ ಇನ್ನೂ ಕೆಲಸದಿಂದ ಬಂದಿರಲಿಲ್ಲ.

ಮಗಳು ಹೇಳಿದ್ದಿಷ್ಟು. ಅವಳು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಅಮ್ಮನ ಜೊತೆ ದಿನಸಿಗೆ ಹೋಗಿದ್ದಳು. ಅಂಗಡಿಯವನು ಅಮ್ಮನನ್ನು ನೋಡಿ, ಅಕ್ಕಾ, ಹಾಲಿಟ್ಟು ಬಂದ್ರಾ, ಬೆಕ್ಕು ಹೇಗಿದೆ ಎಂದು ಪೂರಾ ಕಥೆ ಅಭಿನಯಿಸಿ ತೋರಿಸಿದ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಖುಷಿಯಾಗಲಿ ಎಂದೇ ಮಾಡಿದ. ಅಮ್ಮನೂ ನಕ್ಕಳು. ಸಾಮಾನು ಅಲ್ಲೇ ಬಿಟ್ಟು ಬಂದಳು. ಅಂದಿನಿಂದ ದಿನಸಿಗೆ ಎರಡು ಬೀದಿ ಆಚೆ ಹೋಗುತ್ತಾಳೆ.

“ನಾವು ಯಾಕೆ ಅಷ್ಟು ದೂರ ಹೋಗ್ತೀವಿ ಅಂತ ನೀನು ಒಂದ್ಸಲನೂ ಕೇಳಲಿಲ್ಲ ಅಪ್ಪ,” ಎಂದಳು ಮಗಳು. ಆಮೇಲೆ ಚೀಲ ಇಡುತ್ತ, “ಅಮ್ಮ ಮಾತಾಡಲ್ಲ ಅಂತ ಯಾರಂದ್ರು? ಮನೇಲಿ ಮಾತಾಡಲ್ಲ,” ಎಂದಳು.

ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ. ಹರಿದ ಹಾಸಿಗೆ ಬಟ್ಟೆ ಹೊಲಿದು ಮಡಿಸಿಡುವ ಕೋಣೆ. ಇಷ್ಟು ವರ್ಷದಲ್ಲಿ ಭಾವ ಆ ಕಟ್ಟಡದ ಗೇಟು ದಾಟಿ ಒಳಗೆ ಹೋದವನಲ್ಲ. ಆ ವಾರ ಒಂದು ದಿನ ಅವಳು ಕನ್ನಡಕ ಮರೆತು ಹೋದದ್ದು ಅವನಿಗೆ ನೆವವಾಯಿತು. ನೆಲಮಾಳಿಗೆಯ ಉದ್ದನೆಯ ಓಣಿ, ಸೋಪಿನ ಬಿಸಿ ಆವಿಯ ವಾಸನೆ, ಕೊನೆಯಲ್ಲಿ ಅರ್ಧ ತೆರೆದ ಬಾಗಿಲು. ಒಳಗಿಂದ ಒಂದು ದನಿ ಬರುತ್ತಿತ್ತು. ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಯಿತು, ಯಾಕೆಂದರೆ ಅದು ಯಾರದೋ ಹುಡುಗಿಯ ದನಿಯ ಹಾಗೆ ಎಗರುತ್ತ ಇಳಿಯುತ್ತ ಹರಿಯುತ್ತಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಇಬ್ಬರು ಒಂದೇ ಕೊಡೆಗೆ ಜಗಳವಾಡಿದ ಕಥೆ. ಕೊಡೆಯ ಹಿಡಿಗೆ ಕಟ್ಟಿದ್ದ ದಾರದ ಬಣ್ಣ, ಡ್ರೈವರ್ ಹಿಂತಿರುಗಿ ನೋಡಿದ ಪರಿ, ಕಿಟಕಿ ಪಕ್ಕದವರು ಏನೂ ಕೇಳಿಸದವರಂತೆ ಹೊರಗೆ ನೋಡಿದ್ದು. ಒಳಗೆ ಹೆಂಗಸರು ಕತ್ತರಿ, ಸೂಜಿ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬಾಕೆ ಆಮೇಲೆ, ಆಮೇಲೆ ಎನ್ನುತ್ತಿದ್ದಳು. ಭಾವ ಗೋಡೆಗೆ ಒರಗಿ ನಿಂತ. ಕಥೆ ಚೆನ್ನಾಗಿತ್ತು. ತಾನು ಮಾಡುತ್ತಿದ್ದ ಅಣಕಕ್ಕಿಂತ ನೂರು ಪಾಲು ಚೆನ್ನಾಗಿತ್ತು. ಅವಳು ಹೇಳುತ್ತಿದ್ದುದರಲ್ಲಿ ಬೇಡದ್ದು ಒಂದೂ ಇರಲಿಲ್ಲ.

ಅವನ ನೆರಳು ಬಾಗಿಲಿಗೆ ಬಿದ್ದಿರಬೇಕು. ಅವಳು ತಲೆ ಎತ್ತಿದಳು. ಮಾತು ಅರ್ಧಕ್ಕೆ ನಿಂತಿತು. “ಏನು?” ಎಂದಳು. ಅವನು ಕನ್ನಡಕ ಚಾಚಿದ. ಅವಳು ತೆಗೆದುಕೊಂಡು ಸುಮ್ಮನೆ ಸೂಜಿ ಹಿಡಿದಳು. ಅವನು ಓಣಿಯ ತುದಿ ಮುಟ್ಟುವವರೆಗೂ ಆ ಕೋಣೆಯಿಂದ ಸದ್ದು ಹೊರಡಲಿಲ್ಲ. ಬಾಗಿಲಿನ ಹತ್ತಿರ ತನ್ನ ಮುಖ ಕಂಡರೆ ಸಾಕು ಅವಳ ಬಾಯಿ ಮುಚ್ಚುತ್ತದೆ ಎಂದು ತಿಳಿದದ್ದು ಅವನನ್ನು ಒಳಗೊಳಗೇ ಕೊರೆಯಿತು.

ಗಂಟು ಇಳಿದವು. ಡಾಕ್ಟರು ಮೆಲ್ಲಗೆ, ಸ್ವಲ್ಪ ಸ್ವಲ್ಪ ಮಾತಾಡಲು ಒಪ್ಪಿದರು. ಅಂಗಡಿಯಲ್ಲಿ ಅದೊಂದು ಸಂಭ್ರಮವೇ ಆಯಿತು. ದಿನಸಿಯವನು, ಭಾವ, ಈಗ ನಿನ್ನ ಬಾಯಲ್ಲೇ ಹಾಲಿನ ಕಥೆ ಆಗಲಿ ಎಂದ.

ಭಾವ ಕತ್ತರಿ ಕೆಳಗಿಟ್ಟ. ಈ ಮಾತಿಗಾಗಿಯೇ ಅವನು ಎಷ್ಟೋ ದಿನದಿಂದ ಕಾದಿದ್ದ. “ಆ ಫೋನು ಅವಳಕ್ಕ ತೀರಿಹೋದ್ಲು ಅಂತ ಹೇಳೋಕೆ ಬಂದಿದ್ದು. ನನಗೆ ಅವತ್ತೇ ಗೊತ್ತಿತ್ತು,” ಎಂದ ಒಡಕು ದನಿಯಲ್ಲಿ. “ಗೊತ್ತಿದ್ದೇ ನಿಮಗೆ ಹೇಳಿ ನಗಿಸಿದೆ.”

ದಿನಸಿಯವನು ಬೆಂಚಿನಿಂದ ಎದ್ದು ಹೊರಗೆ ನಡೆದ. ತಮ್ಮನ ಕತ್ತರಿ ನಿಂತಿತು. ಭಾವನಿಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ತಪ್ಪು ಒಪ್ಪಿಕೊಂಡೆ, ಇನ್ನು ಹೆಂಡತಿಗೂ ಒಂದು ಮಾತು ಹೇಳಿದರಾಯಿತು ಎಂದು ಹಗುರವಾಗಿ ಮನೆಗೆ ಹೋದ.

ಆದರೆ ಅವನಿಗಿಂತ ಮೊದಲು ದಿನಸಿಯವನು ಅಲ್ಲಿದ್ದ. ಹೊಸ್ತಿಲಲ್ಲಿ ನಿಂತು ಕಣ್ಣು ತುಂಬಿಕೊಂಡು, ಅಕ್ಕಾ, ನನಗೆ ಗೊತ್ತಿರಲಿಲ್ಲ, ನಿಮ್ಮೆದುರಿಗೇ ಕುಣಿದುಬಿಟ್ಟೆ ಎನ್ನುತ್ತಿದ್ದ. ಹೆಂಡತಿ ಅವನನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಹೋಗಲಿ ಬಿಡಿ, ನಿಮ್ಮ ತಪ್ಪೇನಿದೆ ಎಂದು ಸಮಾಧಾನ ಮಾಡಬೇಕಾಯಿತು. ಅವನು ಹೋದ ಮೇಲೆ ಲೋಟ ತೊಳೆದಿಟ್ಟು ಬಂದು ಗಂಡನ ಎದುರು ನಿಂತಳು.

“ಮತ್ತೆ ಅಂಗಡೀಲಿ ಹೇಳಿದ್ರಾ?”

ಭಾವನಿಗೆ ಆಗ ಅರ್ಥವಾಯಿತು. ಮೊದಲು ನಗಿಸಲು ಅವಳಕ್ಕನ ಸಾವಿನ ಸುದ್ದಿಯನ್ನು ಬಳಸಿದ್ದ, ಈಗ ತನ್ನ ಭಾರ ಇಳಿಸಿಕೊಳ್ಳಲು ಬಳಸಿದ. ಎರಡು ಸಲವೂ ಅವಳನ್ನು ಕೇಳಿರಲಿಲ್ಲ. ತಪ್ಪಾಯ್ತು ಎಂದ. ಅದು ಬಾಯಿಂದ ಬೀಳುವಾಗಲೇ ಸಣ್ಣದೆನಿಸಿತು.

“ಹೇಳಿದ್ದೂ ಅರ್ಧ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಹಾಲಿನಿಂದ ಯಾಕೆ ಶುರು ಮಾಡ್ದೆ ಅಂತ ನಿಮಗೆ ಯಾವತ್ತೂ ಅನ್ನಿಸಲಿಲ್ವಾ? ಮೊದಲನೇ ಸಲ ಫೋನ್ ಮಾಡಿದ್ದು ಅಕ್ಕ. ಮಂಚದ ಮೇಲೆ ಮಲಗಿಕೊಂಡೇ ನನ್ನ ಹತ್ರ ಮಾತಾಡಬೇಕು ಅಂತ ಮಾಡಿಸಿದ್ಲಂತೆ. ಹಾಲು ಉಕ್ಕುತ್ತೆ ಅಂತ ನಾನು ಎತ್ತಲಿಲ್ಲ. ಎರಡನೇ ಸಲ ಅವಳ ಗಂಡ ಮಾಡಿದ್ದು.”

ಇಷ್ಟು ವರ್ಷ ಅವಳು ಆ ಮಾತನ್ನು ಒಬ್ಬಳೇ ಹೊತ್ತಿದ್ದಳು. ಇಳಿಸಲು ಬಂದ ದಿನ ಅವನು ಬೇಗ ಹೇಳು ಎಂದಿದ್ದ. ನಿನ್ನ ತಪ್ಪಲ್ಲ ಎನ್ನಲು ಬಾಯಿ ತೆರೆದ. ಅದನ್ನು ಹೇಳುವ ಹಕ್ಕು ತನಗೆ ಉಳಿದಿಲ್ಲ ಅನಿಸಿ ಮುಚ್ಚಿದ.

“ಇದನ್ನ ಅಂಗಡೀಲಿ ಹೇಳ್ಬೇಡಿ,” ಎಂದು ಅವಳು ಒಳಗೆ ಹೋದಳು.

ಆಮೇಲೆ ಅವನ ಕುರ್ಚಿಯಲ್ಲಿ ಮಾತು ಕಡಿಮೆಯಾಯಿತು. ಗಂಟಲಿನ ನೆಪ ಹೇಳುತ್ತಿದ್ದ. ಕೆಲವರು ಬೇರೆ ಸೆಲೂನು ಹಿಡಿದರು, ತಮ್ಮ ಗೊಣಗಿದ. ದಿನಸಿಯವನು ಬರುತ್ತಿದ್ದ, ಬಂದರೂ ಹವಾಮಾನದ ಮಾತಷ್ಟೇ. ಹೆಂಡತಿ ಮಾತ್ರ ಇದ್ದ ಹಾಗೇ ಇದ್ದಳು. ಎಷ್ಟೋ ದಿನದ ಮೇಲೆ ಒಂದು ಸಂಜೆ ಬಟ್ಟೆ ಮಡಿಸುತ್ತ, ಆಸ್ಪತ್ರೆಯಲ್ಲಿ ಹೊಸದಾಗಿ ಬಂದ ಕಾವಲುಗಾರ ದೊಡ್ಡ ಡಾಕ್ಟರನ್ನೇ ಗೇಟಿನಲ್ಲಿ ತಡೆದು ನಿಲ್ಲಿಸಿದ್ದನ್ನು ತಾನಾಗಿಯೇ ಹೇಳಿದಳು. ಭಾವ ಅಲುಗಾಡದೆ ಕೇಳಿದ. ನಡುವೆ ಅವಳು ಒಮ್ಮೆ ತಡೆದು ಅವನ ಮುಖ ನೋಡಿದಳು. ಇನ್ನೂ ನಾಲ್ಕು ಮಾತು ಆಡಿ, ಅಷ್ಟೇ ಎಂದು ಎದ್ದಳು. ಅದು ಕಥೆಯ ಕೊನೆಯೋ, ಅರ್ಧಕ್ಕೆ ಬಿಟ್ಟದ್ದೋ ಅವನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.