ಭೋಸರಿಯಲ್ಲಿ ಹುಟ್ಟುವ ದಂತ

ಬೆಳಗಿನ ಐದೂವರೆ. ಪುಣೆ ಪಕ್ಕದ ಭೋಸರಿಯ ದೊಡ್ಡ ಕಾರ್ಖಾನೆಗಳು ಇನ್ನೂ ಮೈ ಮುರಿಯುತ್ತಿರುವಾಗಲೇ ಅವಧೂತ ಬಡಿಗೇರ ತಮ್ಮ ತಗಡಿನ ಶೆಡ್ಡಿನಲ್ಲಿ ರಾಳ ಕಲಸುತ್ತಿದ್ದಾರೆ. ಒಂದು ಡಬ್ಬಿಯಲ್ಲಿ ಹಾಲುಬಿಳಿ, ಇನ್ನೊಂದರಲ್ಲಿ ಬೆಣ್ಣೆಬಣ್ಣ. ಅಚ್ಚಿಗೆ ಒಂದು ಪದರ ಹೊಯ್ಯಬೇಕು, ಅರೆಗಟ್ಟಿಯಾಗುವವರೆಗೆ ಕಾಯಬೇಕು, ಆಮೇಲೆ ಇನ್ನೊಂದು. ಸೆಕೆಯಲ್ಲಿ ರಾಳ ಬೇಗ ಬಿಗಿದು ಬಿರುಕು ಬಿಡುತ್ತದೆ. "ಬಿಸಲ ಏರೂದ್ರಾಗ ನಂದು ಮುಗದಿರಬೇಕ್ರಿ" ಎನ್ನುತ್ತಾರೆ, ಅಚ್ಚಿನಿಂದ ಕಣ್ಣು ಕೀಳದೆ.

ಗಟ್ಟಿಯಾದ ರಾಳದ ಕಂಬಿಯನ್ನು ಲೇತ್‌ಗೆ ಕಟ್ಟಿ ಕಡೆದರೆ ಬರುವುದು ಬ್ಯಾಗ್‌ಪೈಪಿನ ಬಳೆ. ಮಿಲಿಟರಿ ಬ್ಯಾಂಡಿನವರು ಕಂಕುಳಲ್ಲಿ ಚೀಲ ಅವುಚಿಕೊಂಡು ಊದುತ್ತಾರಲ್ಲ, ಆ ವಾದ್ಯ. ಅದರ ಕರಿಮರದ ಕೊಳವೆಗಳ ತುದಿಗೆ ಹಿಂದೆ ಆನೆಯ ದಂತ ಕೂರಿಸುತ್ತಿದ್ದರು. ಈಗ ದಂತಕ್ಕೆ ನಿಷೇಧ, ಆ ಜಾಗದಲ್ಲಿ ಅವಧೂತರ ಬಳೆ ಕೂರುತ್ತದೆ. ದಿನಕ್ಕೆ ನಲವತ್ತು ಕಡೆಯುತ್ತಾರೆ. ಹೆಂಡತಿ ಕುಸುಮಾ ಹತ್ತಿಬಟ್ಟೆಯಲ್ಲಿ ಉಜ್ಜಿ ಹೊಳಪು ಕೊಡುತ್ತಾರೆ, ನಾಲ್ಕೈದನ್ನು ಮುಲಾಜಿಲ್ಲದೆ ರದ್ದಿ ಬುಟ್ಟಿಗೆ ಎಸೆಯುತ್ತಾರೆ.

ಜಮಖಂಡಿಯಲ್ಲಿ ಅವಧೂತರ ತಂದೆ ತೊಟ್ಟಿಲ ಕಾಲು ಕಡೆಯುತ್ತಿದ್ದರು. ಮಗ ಇಪ್ಪತ್ತರ ವಯಸ್ಸಿನಲ್ಲಿ ಇಲ್ಲಿಗೆ ಬಂದು ಹನ್ನೆರಡು ವರ್ಷ ಕಬ್ಬಿಣ ಕಡೆದರು. ಕಬ್ಬಿಣ ಅವರ ತೋರುಬೆರಳ ತುದಿ ತಿಂದಿತು. ಈಗ ರಾಳದ ಘಾಟಿಗೆ ಕೆಮ್ಮು ಅಂಟಿಕೊಂಡಿದೆ. ಅದರ ಬಗ್ಗೆ ಕೇಳಿದರೆ ಮಾತು ತೇಲಿಸುತ್ತಾರೆ. ಅಸಲಿ ದಂತದಲ್ಲಿರುವಂತೆ ಅವರ ಬಳೆಯಲ್ಲೂ ಕಾಣುವ ಸಣ್ಣ ಗೆರೆಗಳ ಬಗ್ಗೆ ಕೇಳಿ, ಮುಖ ಅರಳುತ್ತದೆ. ಎರಡು ಬಣ್ಣದ ಪದರಗಳಲ್ಲಿ ಅವು ಹಾಗೇ ಮೂಡಲು ಆರು ವರ್ಷ ಹಿಡಿಯಿತಂತೆ.

ಅದೇ ಗೆರೆ ಹೋದ ವರ್ಷ ಕುತ್ತಿಗೆಗೆ ಬಂತು. ಹೊರದೇಶಕ್ಕೆ ಹೊರಟಿದ್ದ ಇನ್ನೂರು ಬಳೆಗಳ ಪೆಟ್ಟಿಗೆಯನ್ನು ಕಸ್ಟಮ್ಸ್ ತಪಾಸಣೆಯಲ್ಲಿ ತಡೆದರು. ಅಸಲಿ ದಂತವೆಂಬ ಗುಮಾನಿ! ಪರೀಕ್ಷೆ ಮುಗಿದು ಪೆಟ್ಟಿಗೆ ಬಿಡುಗಡೆಯಾಗಲು ಎರಡು ತಿಂಗಳಾಯಿತು. ಮಾಲು ಕಳಿಸುವ ಪುಣೆ ಕ್ಯಾಂಪಿನ ವ್ಯಾಪಾರಿ ಬಾಳಕೃಷ್ಣ ಕೈಮುಗಿದುಬಿಟ್ಟರು. ಗೆರೆ ಬೇಡ, ಬರೀ ಬಿಳಿ ಮಾಡು, ಇಲ್ಲದಿದ್ದರೆ ಆರ್ಡರು ಬೇರೆಯವರಿಗೆ ಎಂದರು.

"ಬರೇ ಬಿಳೀದು ಯಾರರೆ ಮಾಡ್ತಾರ್ರಿ. ಬಕೀಟ ಮಾಡೂ ಮಶೀನೂ ಮಾಡ್ತದ." ಅವಧೂತರ ಸಿಟ್ಟು ಈಗಲೂ ಆರಿಲ್ಲ.

"ಎಂಟ ದಿನ ನೆಟ್ಟಗ ಉಣಲಿಲ್ರಿ ಇವ್ರು," ಕುಸುಮಾ ನಗುತ್ತಾರೆ. "ರೊಟ್ಟಿ ಹರಕೊಂಡು ಹಂಗ ಕುಂತಬಿಡ್ತಿದ್ರು."

ಒಂಬತ್ತನೆಯ ದಿನ ದಾರಿ ಹೊಳೆಯಿತು. ಈಗ ಅಚ್ಚಿನ ನಡುವೆ ಕೆಂಪು ರಾಳದ ಕಡ್ಡಿ ಮಲಗಿಸಿ, ಅದರ ಸುತ್ತ ಪದರ ಹೊಯ್ಯುತ್ತಾರೆ. ಕಡ್ಡಿಗಿಂತ ತುಸು ಸಣ್ಣ ತೂತು ಕೊರೆದರೆ ಬಳೆಯ ಒಳಮೈಗೆ ಕುಂಕುಮದಂಥ ಕೆಂಪು ಉಳಿಯುತ್ತದೆ. ಹೊರಗೆ ಗೆರೆಗಳು ಇದ್ದಂತೆಯೇ ಇರುತ್ತವೆ. "ಸಂಶೇ ಬಂತಂದ್ರ ಒಳಮೈ ತೋರಸೂದು, ಮುಗೀತು. ಒಳಗ ಕೆಂಪಿರೂ ದಂತ ಯಾವ ಆನೀಗೂ ಇಲ್ಲ. ವಾದಾನ ಇಲ್ರಿ" ಎನ್ನುತ್ತಾರೆ.

ಮೂರು ಮಾದರಿ ಬಳೆಗಳು ಹೊರದೇಶದ ಗಿರಾಕಿಗೆ ಹೋಗಿ ಹನ್ನೊಂದು ದಿನವಾಗಿದೆ. ಅವರು ಒಲ್ಲೆ ಎಂದರೆ ಬರೀ ಬಿಳಿಯೇ ಗತಿ. ಕುಸುಮಾ ಚಹಾ ಸೋಸುತ್ತಿರುವಾಗ ಬಾಳಕೃಷ್ಣರ ಫೋನು ಬರುತ್ತದೆ. ಅವಧೂತ ರಾಳದ ಕೈಯಲ್ಲೇ ಸ್ಪೀಕರ್ ಒತ್ತುತ್ತಾರೆ.

"ಪಾಸ್ ಝಾಲಂ, ಅವಧೂತ! ತೀನಶೆ ಪಾಹಿಜೇತ!"

ಮಾದರಿ ಪಾಸಾಗಿದೆ, ಮುನ್ನೂರು ಬೇಕಂತೆ, ಗೆರೆಯ ಸಮೇತ. ಕುಸುಮಾ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ. ಅವಧೂತ ಫೋನಿಗೆ ಮರಾಠಿಯಲ್ಲೇ ಬರೀ "ಬರಂ", ಆಗಲಿ, ಎಂದು ಲೇತ್ ಕಡೆ ತಿರುಗುತ್ತಾರೆ. ಸಂತೋಷವಾಯಿತೇ ಎಂದು ಕೇಳಿದರೆ, ಬೆನ್ನು ತಿರುಗಿಸಿಕೊಂಡೇ ಉತ್ತರಿಸುತ್ತಾರೆ:

"ಆನೀ ಹಲ್ಲ ಆನೀಗೇ ಇರ್ಲಿ ಬಿಡ್ರಿ. ಊದಾವ್ರಿಗೆ ನಾ ಅದೀನಿ."