ಮಾಲೆ ಹಾಕಿದ ಮೇಲೆ

ನನ್ನ ಗಂಡ ಕುಡಿಯುತ್ತಾರೆ ಎಂಬುದು ಮೂಡಲಗಿಯಲ್ಲಿ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಕುಡಿಯದಿದ್ದರೆ ಅವರ ಕೈ ನಡುಗುತ್ತದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು. ಅವರದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ಮೋಟರು ಸುಟ್ಟರೆ ರೈತರು ಅದನ್ನು ಗಾಡಿಗೆ ಹಾಕಿಕೊಂಡು ನೇರ ನಮ್ಮ ಅಂಗಡಿಗೆ ಬರುತ್ತಾರೆ. ಎಳೆಯ ಪಕ್ಕಕ್ಕೆ ಎಳೆ ಕೂಡಿಸುತ್ತ ಹೋಗಬೇಕು, ಎಲ್ಲಿಯಾದರೂ ತಂತಿ ಕೆರೆದರೆ ಮೋಟರು ಮತ್ತೆ ಸುಡುತ್ತದೆ. ಅಂಥ ಕೆಲಸ ಮಾಡುವವರು ಬೆಳಿಗ್ಗೆ ಎದ್ದು ಚಹಾದ ಬಸಿ ಹಿಡಿಯಲಾರದೆ ಅರ್ಧ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದರು. ಅಂಗಡಿಯ ಹಿಂದೆ ಹೋಗಿ ಒಂದು ಪಾಕೀಟು ವಿಸ್ಕಿ ಕುಡಿದು ಬಂದರೆಂದರೆ ಬೆರಳುಗಳು ಮಾತು ಕೇಳುತ್ತಿದ್ದವು. ಕುಡಿದು ಕೆಲಸ ಕೆಡಿಸಿಕೊಳ್ಳುತ್ತಾನೆ ಎಂದು ಊರವರು ಬೈಯುತ್ತಿದ್ದರು. ಕುಡಿದಾಗಲೇ ಇವರ ಕೆಲಸ ನೆಟ್ಟಗಿರುತ್ತದೆ ಎಂದು ನಾನು ಯಾರ ಮುಂದೆ ಹೋಗಿ ಹೇಳಲಿ?

ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ಮದುವೆಯಾದ ಹೊಸತರಲ್ಲಿ ಜಗಳ ಮಾಡಿದೆ, ಕಣ್ಣೀರು ಹಾಕಿದೆ, ತವರಿಗೆ ಹೋಗಿ ಕುಳಿತು ನೋಡಿದೆ. ಪ್ರತಿ ಸಲ ಅವರು ಬಂದು ಗೋಡೆಯ ಕಡೆ ನೋಡುತ್ತ ನಾಳೆಯಿಂದ ಬಿಟ್ಟೆ ಎನ್ನುತ್ತಿದ್ದರು, ನಾನು ಬ್ಯಾಗು ಎತ್ತಿಕೊಳ್ಳುತ್ತಿದ್ದೆ. ಯಾವಾಗಲೋ ಅದೆಲ್ಲ ನಿಂತುಹೋಯಿತು. ಅವರು ಬಂದರೆ ತಾಟು ಇಡುತ್ತಿದ್ದೆ, ಬರದಿದ್ದರೆ ಮುಚ್ಚಿಡುತ್ತಿದ್ದೆ. ಓಣಿಯ ಹೆಂಗಸರು ನನ್ನ ತಾಳ್ಮೆಯನ್ನು ಹೊಗಳುತ್ತಿದ್ದರು. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಕೈ ಜೋಮು ಹಿಡಿಯುತ್ತದಲ್ಲ, ನನಗೆ ಒಳಗೆಲ್ಲ ಹಾಗಾಗಿತ್ತು.

ಕುಲಗೋಡದಲ್ಲಿದ್ದ ನನ್ನ ಅತ್ತೆ ಮಾತ್ರ ಇನ್ನೂ ಸೋತಿರಲಿಲ್ಲ. ಅವರು ವಿಠ್ಠಲನ ಭಕ್ತರು, ಕೊರಳಲ್ಲಿ ತುಳಸಿಮಾಲೆ ಇದೆ, ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಿ ಬಂದವರು. ನಮ್ಮ ಕಡೆ ಕುಡುಕರಿಗೆ ಮೊದಲ ಔಷಧವೆಂದರೆ ಈ ಮಾಲೆಯೇ. ಭಜನೆಯ ಹಿರಿಯರು, ಅವರನ್ನು ನಾವು ಮಹಾರಾಜರು ಎನ್ನುತ್ತೇವೆ, ಎಲ್ಲರ ಮುಂದೆ ಕೊರಳಿಗೆ ಮಾಲೆ ಹಾಕುತ್ತಾರೆ. ಅಂದಿನಿಂದ ಹೆಂಡ ಮಾಂಸ ಎರಡೂ ಬಂದ್. ಹಾಗೆ ಬಿಟ್ಟವರು ಊರಲ್ಲಿ ಇದ್ದಾರೆ, ಸುಳ್ಳು ಹೇಳಬಾರದು.

"ಏಕಾದಶಿಗೆ ಅವನ್ನ ಕರಕೊಂಡು ಬಾರವಾ, ಮಾಲಿ ಹಾಕಸೂಣು" ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಇವರು ಒಂದು ಮಾತೂ ಎದುರಾಡಲಿಲ್ಲ. "ಆತಬೇ, ಹಾಕಸ್ಕೋತೇನಿ" ಎಂದು ತಾಯಿಗೆ ಹೇಳಿ ಬಸ್ ಹತ್ತಿದರು. ಮಹಾರಾಜರ ಮುಂದೆ ಮಂಡಿಯೂರಿ ಕುಳಿತಾಗ ಅವರ ಕಣ್ಣಲ್ಲಿ ನೀರಿತ್ತು. ಈ ಸಲ ಅವರು ಮನಸ್ಸಿನಿಂದಲೇ ಆಣೆ ಮಾಡಿದ್ದರು, ನನಗೆ ಅದರಲ್ಲಿ ಅನುಮಾನವಿಲ್ಲ. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಮರುದಿನದ ಪಾರಣೆಯ ಅಡುಗೆಗೆ ಬದನೆಕಾಯಿ ಹೆಚ್ಚುತ್ತ ಕುಳಿತೆ.

ಮೂಡಲಗಿಗೆ ಕಳಿಸಿದರೆ ಮತ್ತೆ ಹಳೆಯ ಗೆಳೆಯರು ಗಂಟು ಬೀಳುತ್ತಾರೆಂದು ಅತ್ತೆ ನಮ್ಮನ್ನು ಅಲ್ಲಿಯೇ ಇರಿಸಿಕೊಂಡರು. ಮರುದಿನ ಇವರಿಗೆ ವಾಂತಿ, ಬೆವರು, ನಿದ್ದೆ ಇಲ್ಲ. ವಿಷ ಇಳಿಯುತ್ತಿದೆ ಎಂದರು ಓಣಿಯವರು. ಅದರ ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಗೆ ಒರಗಿ ಕುಳಿತು, ಕಣ್ಣು ಅಗಲಿಸಿ, ಎರಡೂ ಕೈಗಳನ್ನು ಗಾಳಿಯಲ್ಲಿ ಸುತ್ತುತ್ತಿದ್ದಾರೆ. ತುಟಿಯೊಳಗೇ ಏನನ್ನೋ ಎಣಿಸುತ್ತಿದ್ದಾರೆ.

"ಮೈಯಾಗ ದೇವರು ಬಂದಾನ" ಎಂದರು ಅತ್ತೆ. ಮಾಲೆ ಹಾಕಿದ ಎರಡು ದಿನಕ್ಕೇ ದೇವರು ಬಂದ ಸುದ್ದಿ ಓಣಿಯೆಲ್ಲ ಹರಡಿತು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬಂದು ಕಾಲಿಗೆ ಬಿದ್ದರು. ಭಜನೆಯವರು ತಾಳ ತಂದರು. ತಾಳದ ಸದ್ದಿಗೆ ಇವರ ಕೈಗಳು ಇನ್ನೂ ಜೋರಾದವು, ಜನರಿಗೆ ಇನ್ನೂ ಭಕ್ತಿ ಬಂತು. ಅಷ್ಟು ಜನರಲ್ಲಿ ಆ ಕೈಗಳ ಗುರುತು ಹತ್ತಿದ್ದು ನನಗೊಬ್ಬಳಿಗೇ. ಅವರು ಮೋಟರಿಗೆ ತಂತಿ ಸುತ್ತುತ್ತಿದ್ದರು. ಅಂಗಡಿಯಲ್ಲಿ ಕುಳಿತಂತೆಯೇ, ಎಡಗೈಯಿಂದ ಹಿಡಿದು ಬಲಗೈಯಿಂದ ಎಳೆ ಕೂಡಿಸುತ್ತಿದ್ದರು. ನಾನು ಹತ್ತಿರ ಹೋಗಿ ಭುಜ ಹಿಡಿದೆ. ನನ್ನ ಮುಖ ನೋಡಿ ಬಹಳ ಮರ್ಯಾದೆಯಿಂದ, "ಸಂಜೀಕ ಬರ್ರಿ ಕಾಕಾ, ಆಗಿರತೈತಿ" ಎಂದರು.

ಕಟ್ಟಿಕೊಂಡ ಹೆಂಡತಿಯನ್ನು ಕಾಕಾ ಎಂದರು. ಬೇರೆ ಹೊತ್ತಿನಲ್ಲಾದರೆ ವರ್ಷಗಟ್ಟಲೆ ಆಡಿಕೊಂಡು ನಗಬಹುದಾದ ಮಾತು. ಅಷ್ಟರಲ್ಲಿ ಅವರ ಹಲ್ಲು ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಸೆಟೆಯಿತು, ಬಾಯಲ್ಲಿ ನೊರೆ ಬಂತು. ತಾಳ ನಿಂತಿತು. ಬಾಜೂ ಮನೆಯವರ ಗಾಡಿಯಲ್ಲಿ ಹಿಂದಿನ ಸೀಟಿಗೆ ಹಾಕಿಕೊಂಡು ಗೋಕಾಕಕ್ಕೆ ಓಡಿದೆವು.

ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ಸಲೈನು ಹಚ್ಚಿ, ಇಂಜೆಕ್ಷನ್ ಕೊಟ್ಟು, ಇವರು ಶಾಂತವಾದ ಮೇಲೆ ನಮ್ಮನ್ನು ಹೊರಗೆ ಕರೆದರು.

"ದಿನಾ ಕುಡೀತಿದ್ರೇನ್ರಿ?"

"ಹೌದ್ರಿ. ಏಕಾದಶಿಗೆ ಬಿಡಿಸಿದ್ವಿ" ಎಂದೆ. "ಮಾಲಿ ಹಾಕಿದ್ವಿರಿ."

ಅವರು ನಗಲಿಲ್ಲ, ಬೈಯಲೂ ಇಲ್ಲ. "ಇಷ್ಟ್ ವರ್ಷ ದಿನಾ ಕುಡದ ಮೈಗೆ ಸರಾಯಿ ಇಲ್ಲದ ನಡಿಯೂದು ಮರತಿರತೈತ್ರಿ. ಒಮ್ಮೆಲೇ ನಿಂದರಸಿದ್ರ ಫಿಟ್ಸ್ ಬರತಾವು, ಇಲ್ಲದ್ದೆಲ್ಲಾ ಕಾಣತೈತಿ, ಜೀವಾನೂ ಹೋಗಬಹುದು. ಬಿಡಬೇಕು ಖರೆ. ಆದ್ರ ದವಾಖಾನ್ಯಾಗ ಇದ್ದು, ಔಷಧ ತಗೊಂಡು ಬಿಡಬೇಕು. ಇದು ಹಟಾ ಮಾಡಿದ್ರ ಹೋಗೂದಲ್ರಿ, ರೋಗ ಐತಿ ಇದು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಂಗಾರ ನಾನ ಕೊಲ್ಲಾಕ ಹೊಂಟಿದ್ನೇನ್ರಿ ಅವನ್ನ?"

"ನಿಮಗ ಗೊತ್ತಿರಲಿಲ್ಲ ಬಿಡ್ರಿ. ಮಾಲಿ ಇರ್ಲಿ, ಔಷಧನೂ ಇರ್ಲಿ."

ಅಲ್ಲಿಂದ ಅವರನ್ನು ಹುಕ್ಕೇರಿಯ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿದರು. ವಾರಕ್ಕೊಮ್ಮೆ ಮನೆಯವರೂ ಬರಬೇಕೆಂಬ ನಿಯಮ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇದ್ದದ್ದರಿಂದ ತಪ್ಪಿಸಿಕೊಳ್ಳಲು ನನಗೆ ನೆಪವೂ ಇರಲಿಲ್ಲ. ಅಲ್ಲಿನ ಸಮಾಲೋಚಕರು ನಮ್ಮನ್ನು ಸುತ್ತಲೂ ಕೂರಿಸಿಕೊಂಡು ಮಾತಾಡುತ್ತಿದ್ದರು. ಬಾಯಿ ಮೂಸಿ ನೋಡಬೇಡಿ, ಕಿಸೆ ತಡಕಬೇಡಿ ಎನ್ನುತ್ತಿದ್ದರು. ಗಂಡ ಕುಡಿದು ಬಿದ್ದ ದಿನ ಗಿರಾಕಿಗಳಿಗೆ ಜ್ವರ ಬಂದಿದೆ ಎಂದು ನೀವು ಸುಳ್ಳು ಹೇಳಬೇಡಿ ಎಂದೂ ಹೇಳಿದರು. ಈ ಎಲ್ಲ ಕೆಲಸಗಳಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ನನಗೆ ಸಿಟ್ಟು ಬಂತು.

"ಹಂಗಾರ ನಾ ಏನ್ ಮಾಡ್ಲಿರಿ? ಆರತಿ ತಗೊಂಡು ನಿಂದರಲೇನು?"

ಸುತ್ತಲಿನ ಹೆಂಗಸರು ನಕ್ಕರು, ಸಮಾಲೋಚಕರೂ ನಕ್ಕರು. ಆಮೇಲೆ ಹೇಳಿದರು: "ಅವರು ಮತ್ತ ಕುಡಿತಕ್ಕ ಬೀಳಬಹುದ್ರಿ. ಭಾಳ ಮಂದಿ ಬೀಳತಾರ. ಬಿದ್ದದ್ದನ್ನ ನಿಮ್ಮ ಮುಂದ ಹೇಳಾಕ ಅಂಜಿದ್ರ ಎಲ್ಲ್ಯಾರ ಅಡಗಿ ಕುಡೀತಾರ, ಇಲ್ಲಾ ನಾಚಿಕಿಗೆ ಒಬ್ಬರ ಕುಂತು ಒಮ್ಮೆಲೇ ಬಿಡಾಕ ಹೋಗತಾರ. ಎರಡರಾಗೂ ಜೀವಕ್ಕ ಅಪಾಯ. ಬಂದು ಹೇಳಿದವರು ಉಳೀತಾರ್ರಿ."

ಇವರು ಮೂಡಲಗಿಯ ಮನೆಗೆ ಬಂದ ಮೇಲೆ ಚೆನ್ನಾಗಿಯೇ ನಡೆಯಿತು. ಗುಳಿಗೆ ತಪ್ಪಿಸಲಿಲ್ಲ, ಮಾಲೆ ಕೊರಳಲ್ಲೇ ಇತ್ತು, ಮೋಟರುಗಳು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದವು. ನೆರೆಯವರು, "ಖುಷಿ ಆತಿಲ್ಲವಾ?" ಎಂದು ಕೇಳಿದರೆ ಹೂಂ ಎನ್ನುತ್ತಿದ್ದೆ. ಖರೆ ಹೇಳಬೇಕೆಂದರೆ ಖುಷಿಯೂ ಇರಲಿಲ್ಲ. ಅವರು ಬಾಗಿಲು ದಾಟಿ ಹೋದಾಗ ಭಯವೂ ಇರಲಿಲ್ಲ. ಅವರು ಬಿಟ್ಟರು, ನನಗೆ ಮಾತ್ರ ಏನೂ ತಿರುಗಿ ಬರಲಿಲ್ಲ. ಇದನ್ನು ಹೇಳಿದರೆ ಪಾಪ ಬರುತ್ತದೆ ಎಂದು ಯಾರಿಗೂ ಹೇಳಲಿಲ್ಲ.

ಕಬ್ಬಿನ ಕಟಾವು ನಡೆದಿದ್ದಾಗ ಕೊಣ್ಣೂರದ ಒಬ್ಬ ಗಿರಾಕಿ ಹೊಸ ಮನೆಯ ವಾಸ್ತುಶಾಂತಿಗೆ ಕರೆದರು. ಹೋದ ಇವರು ಮರುದಿನ ನಸುಕಿನಲ್ಲಿ ಬಂದು, ನಾನು ನೀರು ತರಲು ಹೋದಾಗ ಮತ್ತೆ ಹೋಗಿಬಿಟ್ಟಿದ್ದರು. ದೇವರ ಜಗಲಿಯ ಮೇಲೆ ಮಾಲೆ ಇತ್ತು. ಕುಡಿದ ಬಾಯಿ, ಮಾಲೆಯ ಕೊರಳು ಎರಡೂ ಒಂದೇ ಮೈಯಲ್ಲಿ ಇರಬಾರದು, ಅದು ನಿಯಮ. ತೆಗೆದಿಟ್ಟವರು ಮತ್ತೆ ಹಾಕಿಕೊಳ್ಳಬೇಕೆಂದರೆ ಊರೆಲ್ಲರ ಮುಂದೆ ಮಹಾರಾಜರ ಕಾಲಿಗೆ ಬೀಳಬೇಕು. ಒಂದು ಗ್ಲಾಸು ಕುಡಿದರೂ ಅಷ್ಟೇ, ಕ್ಯಾನು ಕುಡಿದರೂ ಅಷ್ಟೇ. ಎಲ್ಲರೆದುರು ಮಾಡಿದ ಆಣೆ ಮುರಿದಿದ್ದರಿಂದ ಇವರಿಗೆ ಮನೆಗೆ ಬರುವ ಮುಖ ಉಳಿದಿರಲಿಲ್ಲ.

ಎರಡು ದಿನ ಫೋನು ಎತ್ತಲಿಲ್ಲ. ಅತ್ತೆ ಕುಲಗೋಡದಿಂದ ಬಂದು ನನ್ನ ಒಲೆಯ ಮುಂದೆ ಕುಳಿತರು. "ಮಾಲಿ ತಗದಿಟ್ಟಾನಂದ್ರ ಮುಗೀತು" ಎಂದು ಒಮ್ಮೆ ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ನನ್ನ ಆಣಿ ಹಾಕಿ ಹೇಳು ಅವಗ. ಇವತ್ತ ಬಿಡು, ಇಲ್ಲಾ ನಿಮ್ಮವ್ವನ ಮುಖಾ ನೋಡಬ್ಯಾಡ ಅಂತ ಹೇಳು" ಎಂದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ತಾಯಿಯ ಆಣೆ ಕೇಳಿದರೆ ಅವರು ಖಂಡಿತ ಬಿಡುತ್ತಾರೆ, ಯಾವುದೋ ಲಾಡ್ಜಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಬಿಡುತ್ತಾರೆ ಎನ್ನುವುದು ತಲೆಗೆ ಹೊಳೆಯಿತು. ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ. "ಕುಡದಿದ್ರ ಕುಡದೀರಿ, ಇರ್ಲಿ. ಒಬ್ಬರ ಕುಂತು ಒಮ್ಮೆಲೇ ಬಿಡಬ್ಯಾಡ್ರಿ. ಎಲ್ಲಿದ್ದೀರಿ ಹೇಳ್ರಿ, ಹುಕ್ಕೇರಿಗೆ ಹೋಗೂಣು."

"ಗಂಡಗ ಬಿಡಬ್ಯಾಡ ಅನ್ನೂ ಹೆಂಗಸನ್ನ ಇವತ್ತ ನೋಡಿದೆ ನೋಡವಾ" ಎಂದರು ಅತ್ತೆ.

"ಗೋಕಾಕಕ್ಕ ಒಯ್ಯೂಮುಂದ ಅವರ ತಲಿ ನಿಮ್ಮ ತೊಡಿ ಮ್ಯಾಲೆ ಇತ್ತಲ್ರಿ ಅತ್ತಿ."

ಅತ್ತೆ ಹತ್ತಿರ ಸರಿದು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

ಮಧ್ಯಾಹ್ನ ಫೋನು ಬಂತು. "ಗೋಕಾಕ ಬಸ್‌ಸ್ಟ್ಯಾಂಡಿನ್ಯಾಗ ಅದೇನಿ" ಎಂದರು. "ಮುಂಜಾನೆಯಿಂದ ಬಿಟ್ಟಿದ್ದೆ. ಪೂರ್ತಿ ಬಿಟ್ಟ ಮನಿಗಿ ಬರಬೇಕಂತ ಮಾಡಿದ್ದೆ. ಕೈ ನಡಗಾಕತ್ತಾವು."

"ಮಂದಿ ಇದ್ದಲ್ಲೇ ಕುಂದರ್ರಿ. ಬಂದೆ."

ಅತ್ತೆ ಬಸ್ಸಿನ ತನಕ ಬಂದರು. "ಮಾಲಿ ಸುದ್ದಿ ತಗೀಬ್ಯಾಡವಾ ಅವನ ಮುಂದ" ಎಂದಷ್ಟೇ ಹೇಳಿದರು. ಮಗನಿಗಾಗಿ ಅವರು ದೇವರನ್ನು ಒಂದು ಹೆಜ್ಜೆ ಹಿಂದೆ ಸರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ಕುಳಿತಿದ್ದರು. ಮೂರು ದಿನದ ಗಡ್ಡ, ವಾಸನೆ. ಪಕ್ಕದಲ್ಲಿ ಕುಳಿತೆ. ಬೈಗುಳವೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಮೊದಲು ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ನೋಡಿ, ಅಲ್ಲಿಯೇ ಗುಳಿಗೆ ನುಂಗಿಸಿ, ಹುಕ್ಕೇರಿಗೆ ಫೋನು ಮಾಡಿ ಇವತ್ತೇ ಸೇರಿಸಿ ಎಂದರು. ಸಂಜೆಯೊಳಗೆ ಬಸ್ ಸಿಕ್ಕಿತು.

ಕಿಟಕಿಯ ಕಡೆ ಅವರನ್ನು ಕೂರಿಸಿದೆ. ಊರು ದಾಟಿದ ಮೇಲೆ ಕೇಳಿದರು, "ಎಷ್ಟ್ ಸಲಾ ಹಿಂಗ ಬರ್ತಿ ನೀ?"

ಒಳ್ಳೆಯ ಹೆಂಡತಿಯ ಉತ್ತರ ಯಾವುದೆಂದು ನನಗೂ ಗೊತ್ತಿದೆ. ನಾಲಿಗೆಯ ತನಕವೂ ಬರಲಿಲ್ಲ ಅದು. "ಗೊತ್ತಿಲ್ರಿ" ಎಂದೆ.

ಅವರು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಾ ಬಿಡತೇನೋ ಇಲ್ಲೋ ನನಗೂ ಗೊತ್ತಿಲ್ಲ" ಎಂದರು. "ಅಂಜಿಕಿ ಆಗಾಕತ್ತೈತಿ ನನಗ."

ಇಷ್ಟು ವರ್ಷಗಳಲ್ಲಿ ಕುಡಿತದ ಬಗ್ಗೆ ಅವರು ನನಗೆ ಹೇಳಿದ ಮೊದಲ ನಿಜ ಅದು. ಘಟಪ್ರಭಾ ಹೊಳೆ ದಾಟುವ ಹೊತ್ತಿಗೆ ನಾನು ಅಳುತ್ತಿದ್ದೆ.