ಬೆಕ್ಕಿನ ಮರಿ ನುಸುಳುವ ಪಾದ

ಮೊನ್ನೆ ಮಗಳ ಶಾಲೆಯ ಬಿಳಿ ಶೂಗೆ ಪಾಲಿಶ್ ಹಚ್ಚುತ್ತಿದ್ದೆ. ಆ ಸುಣ್ಣದಂಥ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನಮ್ಮೂರು ಪಂಜದ ನೆರೆಮನೆಯ ಮಿಲಿಟ್ರಿ ಮಾವ ಎದುರು ಬಂದು ನಿಂತ ಹಾಗಾಯಿತು. ಶನಿವಾರ ಸಂಜೆ ಅವರ ಕ್ಯಾನ್ವಾಸ್ ಶೂಗಳು ಹೀಗೇ ಬೆಳ್ಳಗೆ ಕಾಂಪೌಂಡಿನ ಮೇಲೆ ಒಣಗುತ್ತಿದ್ದವು. ಸಂಬಂಧದಲ್ಲಿ ಅವರು ಮಾವನೇನಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದವರು, ಊರಿನ ಹುಡುಗ ಹುಡುಗಿಯರನ್ನು ಸೈನ್ಯಕ್ಕೆ, ಪೊಲೀಸಿಗೆ ಅಂತ ಶಾಲೆಯ ಮೈದಾನದಲ್ಲಿ ಓಡಿಸಿ ತಯಾರು ಮಾಡುತ್ತಿದ್ದವರು.

ಓಡಿಸುವ ಮೊದಲು ಪಾದದ ಪರೀಕ್ಷೆ. ಕಾಲು ಒದ್ದೆ ಮಾಡಿ ಅವರ ಸಿಮೆಂಟಿನ ಅಂಗಳದಲ್ಲಿ ಒಂದು ಹೆಜ್ಜೆ ಇಡಬೇಕು. ಚಪ್ಪಟೆ ಪಾದದವರನ್ನು ಸೈನ್ಯದ ಭರ್ತಿಯಿಂದ ವಾಪಸ್ ಕಳಿಸುವುದನ್ನು ಮಾವ ಕಣ್ಣಾರೆ ಕಂಡಿದ್ದರು. ಹಾಗಾಗಿ ಅವರ ಲೆಕ್ಕ ಸರಳ. ಚಪ್ಪಟೆ ಕೆಟ್ಟದ್ದು, ಬಾಗಿದ್ದು ಒಳ್ಳೆಯದು, ತುಂಬ ಬಾಗಿದ್ದು ತುಂಬ ಒಳ್ಳೆಯದು. ಪಿಯುಸಿ ಮುಗಿಸಿ ಕಾನ್ಸ್‌ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದ ನಾನೂ ಕಾಲಿಟ್ಟೆ. ನೆಲದಲ್ಲಿ ಮೂಡಿದ್ದು ಹಿಮ್ಮಡಿ ಮತ್ತು ಮುಂಗಾಲು ಮಾತ್ರ. ನಡುವೆ ಏನೂ ಇಲ್ಲ.

ಮಾವ ಹೆಂಡತಿಯನ್ನು ಕೂಗಿ ಕರೆದರು. "ನೋಡು ಇಲ್ಲಿ, ಇದರ ಅಡಿಯಲ್ಲಿ ಬೆಕ್ಕಿನ ಮರಿ ನುಸುಳ್ತದೆ. ಇದು ಪಾದ ಅಂದ್ರೆ."

"ಬೆಕ್ಕಿನ ಮರಿಗೆ ಬೇರೆ ಎಂತ ಕೆಲಸ ಇಲ್ವಾ?" ಅಂದರು ಅತ್ತೆ.

ಮೈದಾನಕ್ಕೆ ಬಂದವರಿಗೆಲ್ಲ ನನ್ನ ಪಾದದ ಪ್ರದರ್ಶನ ನಡೆಯಿತು. ನನಗೂ ಜಂಭ. ಆದರೆ ತೆಳು ಅಡಿಯ ಕ್ಯಾನ್ವಾಸ್ ಶೂ ಹಾಕಿ ಮುರಕಲ್ಲಿನ ಗಟ್ಟಿ ಕೆಂಪು ನೆಲದಲ್ಲಿ ಓಡಲು ಶುರು ಮಾಡಿದ ಮೇಲೆ ಬೆಳಿಗ್ಗೆ ಎದ್ದು ಹಿಮ್ಮಡಿ ಊರಲಾಗುತ್ತಿರಲಿಲ್ಲ. ಬೆರಳುಗಳ ಬುಡದಲ್ಲಿ ಚರ್ಮ ದಪ್ಪಗಟ್ಟಿತು. ಕಾಲು ಮತ್ತೆ ಮತ್ತೆ ಹೊರಕ್ಕೆ ಮಗುಚಿ ಉಳುಕುತ್ತಿತ್ತು. ಮಾವನಿಗೆ ಹೇಳಿದರೆ, "ಪಾದ ಫಸ್ಟ್ ಕ್ಲಾಸ್ ಉಂಟು. ನಿನ್ನ ಮಂಡೆ ಸರಿ ಇಲ್ಲ. ಓಡು." ನಾನು ಓಡಿದೆ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಓಟದಲ್ಲಿ ಸೋತರೆ ಮದುವೆ ಅಂತ ಅಮ್ಮ ಹೇಳಿಯಾಗಿತ್ತು, ಗಂಡಿನ ಕಡೆಯವರು ಒಮ್ಮೆ ಬಂದು ಚಾ ಕುಡಿದೂ ಹೋಗಿದ್ದರು.

ಓಟದ ಪರೀಕ್ಷೆಗೆ ಹೆಚ್ಚೆಂದರೆ ಎರಡು ತಿಂಗಳಿರುವಾಗ ಕಾಲು ಚೆನ್ನಾಗಿಯೇ ಉಳುಕಿತು. ಊದಿ ಬೂದುಕುಂಬಳ. ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಸೀದಾ ಮಾವನ ಅಂಗಳಕ್ಕೆ ಹೋಗಿ, "ನೀವು ಊರಿಗೆಲ್ಲ ತೋರಿಸಿದ್ದಲ್ವಾ, ದೃಷ್ಟಿಯಾದದ್ದು. ಇನ್ನು ನಮ್ಮ ಹುಡುಗಿಯ ಕಾಲು ನೋಡ್ಲಿಕ್ಕೆ ಬರ್ಬೇಡಿ" ಅಂದುಬಿಟ್ಟರು.

ಮಾವನಿಗೆ ಅವಮಾನವಾಯಿತು. ಮರುದಿನವೇ ಅಮ್ಮನನ್ನು ಹೇಗೋ ಒಪ್ಪಿಸಿ ನನ್ನನ್ನು ಪುತ್ತೂರಿಗೆ, ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದರು. ವಾಸಿ ಮಾಡಿಸಲಿಕ್ಕಲ್ಲ. ಪಾದ ಫಸ್ಟ್ ಕ್ಲಾಸ್ ಅಂತ ಡಾಕ್ಟರ ಬಾಯಲ್ಲೇ ಹೇಳಿಸಲಿಕ್ಕೆ.

ಡಾಕ್ಟರು ಮೊದಲು ನೋಡಿದ್ದು ನನ್ನ ಚಪ್ಪಲಿಯನ್ನು. ಎರಡೂ ಹೊರ ಅಂಚಿನಲ್ಲಿ ಮಾತ್ರ ಸವೆದಿದ್ದವು. ಕಾಲು ಮರಗಟ್ಟುತ್ತದಾ, ಬಲ ಕಡಿಮೆಯಾಗಿದೆಯಾ, ಪಾದದ ಆಕಾರ ಇತ್ತೀಚೆಗೆ ಬದಲಾಯಿತಾ, ಮನೆಯಲ್ಲಿ ಯಾರಿಗಾದರೂ ಹೀಗೆ ಉಂಟಾ ಅಂತೆಲ್ಲ ಕೇಳಿದರು. ಕೆಲವರಿಗೆ ನರದ ತೊಂದರೆಯಿಂದಲೂ ಹೀಗಾಗುತ್ತದಂತೆ. ನನ್ನದು ಹುಟ್ಟಿನಿಂದಲೇ, ಅಪ್ಪನದೂ ಹಾಗೇ.

"ಪಾದದ ಕಮಾನು ಹೆಚ್ಚಾಯ್ತು. ಇಡೀ ಮೈಭಾರ ಹಿಮ್ಮಡಿಗೆ, ಮುಂಗಾಲಿಗೆ ಮಾತ್ರ ಬೀಳ್ತದೆ" ಅಂದರು ಡಾಕ್ಟರು.

"ಚಪ್ಪಟೆಯವರನ್ನಲ್ವಾ ಡಾಕ್ಟ್ರೇ ರಿಜೆಕ್ಟ್ ಮಾಡುದು?" ಮಾವ ಬಿಡಲಿಲ್ಲ.

"ಉಪ್ಪು ಇಲ್ಲದಿದ್ರೆ ಸಪ್ಪೆ ಅಂತ ನೀವು ಮುಷ್ಟಿಗಟ್ಲೆ ಹಾಕ್ತೀರಾ?"

ಕಮಾನು ಬದಲಾಗುವುದಿಲ್ಲ, ನೋವು ಕಡಿಮೆ ಮಾಡಬಹುದು, ಓಡಲೂಬಹುದು ಅಂದರು ಡಾಕ್ಟರು. ಮೆತ್ತನೆ ಅಡಿಯ ಶೂ, ಒಳಗೆ ಕಮಾನಿಗೆ ಒತ್ತು ಕೊಡುವ ಮೆತ್ತೆ, ಬಿಗಿದ ಮೀನಖಂಡವನ್ನು ದಿನಾ ಎಳೆದು ಸಡಿಲಿಸುವ ಕಸರತ್ತು, ಉಳುಕು ವಾಸಿಯಾದ ಮೇಲೆ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ. ಅಲ್ಲಿಯವರೆಗೆ ಓಟ ಬಂದ್.

ವಾಪಸ್ ಬರುವಾಗ ಬಸ್ಸು ಕಾಣಿಯೂರು ದಾಟಿದರೂ ಮಾವ ಡಾಕ್ಟರ ಚೀಟಿಯನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದರು. ನಾನು ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ...

ಮರುದಿನ ಬೆಳಿಗ್ಗೆ ನನ್ನನ್ನು ಮೈದಾನಕ್ಕೆ ಕರೆಸಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಇವಳ ಪಾದದ ವಿಷಯ ನಾನು ಹೇಳಿದ್ದು ತಪ್ಪು. ನೋವು ಅಂದಾಗ ಓಡು ಅಂದದ್ದೂ ತಪ್ಪು" ಅಂದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಸೀದಾ ನಮ್ಮ ಮನೆಗೆ ಹೋಗಿ ಅಮ್ಮನಿಗೂ ಅದನ್ನೇ ಹೇಳಿದರು. ಅಮ್ಮ ಬೈಯಲು ಸಿದ್ಧರಾಗಿದ್ದವರು, ಚಾ ಕೊಟ್ಟರು.

ಊತ ಇಳಿದ ಮೇಲೆ ಕಸರತ್ತು ಅವರ ಅಂಗಳದಲ್ಲಿ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ ಹಿಮ್ಮಡಿ ಕೆಳಗಿಳಿಸುವುದು, ಆಮೇಲೆ ಒಂಟಿಕಾಲಲ್ಲಿ ನಿಲ್ಲುವುದು. ಅತ್ತೆ ಕುರ್ಚಿ ತಂದಿಟ್ಟರೆ ಮಾವ ಒಳಗೆ ಸಾಗಿಸುತ್ತಿದ್ದರು. "ನಿನ್ನ ಕಾಲಿಗೆ ಓಡ್ಲಿಕ್ಕೆ ಗೊತ್ತುಂಟು, ನಿಲ್ಲಲಿಕ್ಕೆ ಗೊತ್ತಿಲ್ಲ. ಕೂತ್ರೆ ನೋಡು."

ಓಟದಲ್ಲಿ ಪಾಸಾದೆ. ಮೊದಲ ಸ್ಥಾನವೇನಲ್ಲ, ಬೇಕಾದಷ್ಟು ಮಾತ್ರ. ಗಂಡಿನ ಕಡೆಯವರು ಬೇರೆ ಮನೆಯ ಚಾ ಹುಡುಕಿಕೊಂಡರು.

ಖಾಕಿ ಹಾಕಿ ಇಪ್ಪತ್ತು ವರ್ಷ ದಾಟಿತು. ಶೂ ಒಳಗಿನ ಮೆತ್ತೆ ಸವೆದ ಹಾಗೆ ಬದಲಾಯಿಸುತ್ತೇನೆ, ಮೆಟ್ಟಿಲು ಕಂಡಲ್ಲಿ ಹಿಮ್ಮಡಿ ಇಳಿಸುತ್ತೇನೆ. ಕಾಲುನೋವು ಅಂತ ಬರುವ ಹೊಸ ಹುಡುಗಿಯರಿಗೆ, ಮೊದಲು ಚಪ್ಪಲಿ ತೋರಿಸಿ, ಆಮೇಲೆ ಡಾಕ್ಟರ ಬಳಿ ಹೋಗಿ ಅನ್ನುತ್ತೇನೆ.

ಮಾವ ಹೋದ ತಿಂಗಳು ತೀರಿಕೊಂಡರು. ಅಂದು ನನಗೆ ಉಪ್ಪಿನಂಗಡಿಯಲ್ಲಿ ಬಂದೋಬಸ್ತ್, ರಜೆ ಸಿಗಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ರಸ್ತೆಯಲ್ಲಿ ನಿಂತೇ ಇದ್ದೆ. ಕಾಲು ನೋಯಲಿಲ್ಲ... ಅದೊಂದು ದಿನವಾದರೂ ನೋಯಬಾರದಿತ್ತೇ ಅನಿಸಿತು.

ರಜೆ ಸಿಕ್ಕಿದ ಮೇಲೆ ಪಂಜಕ್ಕೆ ಹೋದೆ. ಮಾವನ ಮನೆಯ ಜಗಲಿಯಲ್ಲಿ ನಿಂತೇ ಇದ್ದೆ. ಅತ್ತೆ ಒಳಗಿಂದ ಕುರ್ಚಿ ತಂದಿಟ್ಟರು.

"ಕೂತ್ಕೊ ಮಾರಾಯ್ತಿ. ಬೈಲಿಕ್ಕೆ ಈಗ ಅವರಿಲ್ಲ."